ಹದಿನೈದು ತಂತಿಗಳು

ಅಣ್ಣ ತೀರಿಕೊಂಡ ಹದಿನೇಳನೆಯ ದಿನ ನಾನು ಅವನ ಪಿಯಾನೋವನ್ನು ಶ್ರುತಿ ಮಾಡಿದೆ. ಅತ್ತಿಗೆ ಆ ವಾರ ಮಗಳ ಮನೆಗೆ ಹೋಗಿದ್ದರು; ಬೀಗದ ಕೈ ನನ್ನಲ್ಲಿತ್ತು. ಹೋದವರಿಗಾಗಿ ಒಬ್ಬೊಬ್ಬರು ತಮಗೆ ತಿಳಿದ ಒಂದೊಂದನ್ನು ಮಾಡುತ್ತಾರೆ. ನಲವತ್ತಾರು ವರ್ಷ ಪಿಯಾನೋಗಳಿಗೆ ಶ್ರುತಿ ಕೂಡಿಸುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ನನಗೆ ತಿಳಿದದ್ದು ಅದೊಂದೇ.

ಕೆಲಸ ಒಂದೂವರೆ ದಿನ ಹಿಡಿಯಿತು. ಎಂಟು ವರ್ಷಗಳಿಂದ ಅದರೊಳಗೆ ಯಾರ ಕೈಯೂ ಹೊಕ್ಕಿಲ್ಲವೆಂಬುದು ಮುಚ್ಚಳ ತೆಗೆದೊಡನೆ ತಿಳಿಯಿತು. ತಂತಿಗಳ ಬುಡದಲ್ಲಿ ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಕೀಗಳ ಅಡಿಯಲ್ಲಿ ಒಂದು ಮೋಟು ಪೆನ್ಸಿಲು, ಎರಡು ಅಂಗಿಗುಂಡಿ, ಅಣ್ಣನ ಕನ್ನಡಕದ ಒಂದು ಸಣ್ಣ ತಿರುಪು ಸಿಕ್ಕಿದವು. ಕೈಹಾಕುವ ಮುನ್ನ, ನನ್ನ ಪದ್ಧತಿಯಂತೆ, ಪುಸ್ತಕ ತೆರೆದೆ. ನಾನು ಮುಟ್ಟಿದ ಪ್ರತಿ ಪಿಯಾನೋಗೂ ಅದರಲ್ಲಿ ಪುಟಗಳಿವೆ. ಎಡಕ್ಕೆ 'ಮುಟ್ಟುವ ಮೊದಲು', ಬಲಕ್ಕೆ 'ಮುಟ್ಟಿದ ಮೇಲೆ'. ಯಾವ ತಂತಿ ಎಷ್ಟು ಇಳಿದಿದೆ, ಒಂದೇ ಸ್ವರದ ಮೂರು ತಂತಿಗಳಲ್ಲಿ ಯಾವುದು ಉಳಿದೆರಡರ ಮಾತು ಕೇಳುತ್ತಿಲ್ಲ, ಎಲ್ಲವನ್ನೂ ಬರೆದುಕೊಳ್ಳದೆ ನಾನು ಹ್ಯಾಮರ್ ಹಿಡಿದವನಲ್ಲ. ಹ್ಯಾಮರ್ ಎಂದು ಕರೆದರೂ ಅದು ಬಡಿಯುವ ಸಲಕರಣೆಯಲ್ಲ. ತಂತಿ ಸುತ್ತಿದ ಉಕ್ಕಿನ ಬಿರಡೆಗಳನ್ನು ಕೂದಲೆಳೆಯಷ್ಟು ತಿರುಗಿಸುವುದೇ ಅದರ ಕೆಲಸ.

ಕೊನೆಯ ಬಿರಡೆ ಕೂತಾಗ ವಾದ್ಯ ತೊಳೆದಿಟ್ಟ ಗಾಜಿನಂತೆ ನುಡಿಯಿತು. ನನ್ನ ಕೈಯಿಂದ ಅಷ್ಟು ಸ್ವಚ್ಛವಾದ ಕೆಲಸ ಆಗಿ ಬಹಳ ಕಾಲವಾಗಿತ್ತು. ಒರೆಸಿ, ಮುಚ್ಚಿ, ಹೆಮ್ಮೆಪಟ್ಟುಕೊಂಡೇ ಮನೆಗೆ ಹೋದೆ.

ಅತ್ತಿಗೆ ಹಿಂದಿರುಗಿದ ಮರುದಿನ ಬೆಳಿಗ್ಗೆ ಫೋನು ಬಂತು. ಬೇಗ ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಹೋಗಿ ನೋಡಿದರೆ, ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಪಿಯಾನೋದ ಮುಂದೆ ನಿಂತಿದ್ದರು. ಅವರಿಗೆ ವಾದ್ಯ ನುಡಿಸಲು ಬಾರದು. ಆದರೆ ದಿನವೂ ಬೆಳಿಗ್ಗೆ ಎಡತುದಿಯಿಂದ ಬಲತುದಿಯವರೆಗೆ ಕೀಗಳ ಮೇಲೆ ಬಟ್ಟೆ ಎಳೆಯುವುದು ಮದುವೆಯಾದ ಹೊಸದರಿಂದ ಬಂದ ಅಭ್ಯಾಸ.

"ಇದು ನಮ್ಮನೆ ಪಿಯಾನೋ ಅಲ್ಲ," ಎಂದರು. "ಏನು ಮಾಡಿದೆ ಇದಕ್ಕೆ?"

ಶ್ರುತಿ ಮಾಡಿದೆನೆಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಿಯಾನೋದ ಮೇಲಿಟ್ಟು, ಕುರ್ಚಿ ಎಳೆದು ನನ್ನ ಬಲಕ್ಕೆ ಕೂತರು. ಅವರ ಬಲಗಿವಿ ಹೋಗಿ ಹತ್ತು ವರ್ಷವಾಗಿತ್ತು. ಯಾರೊಡನೆ ಮಾತಾಡಿದರೂ ಎಡಗಿವಿಯನ್ನು ಅವರತ್ತ ಇಟ್ಟುಕೊಂಡೇ ಕೂರುತ್ತಿದ್ದರು. ಈಗ ಅದೂ ಹೋಗುತ್ತಿದೆ ಎಂದು ಅಂದು ಮೊದಲ ಸಲ ಹೇಳಿದರು. ಕರೆಗಂಟೆ, ಕುದಿಯುವ ಕೆಟಲಿನ ಸಿಳ್ಳೆ, ಮೊಮ್ಮಗಳ ನಗು ಆಗಲೇ ಕೇಳುತ್ತಿರಲಿಲ್ಲವಂತೆ. ಮಧ್ಯದ ದನಿಗಳು ಮಾತ್ರ ಉಳಿದಿವೆ. ಆರು ತಿಂಗಳು ಉಳಿದರೆ ಹೆಚ್ಚು ಎಂದು ಕಿವಿಯ ಡಾಕ್ಟರು ಹೇಳಿದ್ದರಂತೆ. ಯಂತ್ರ ಹಾಕಿಸಿದರೂ ಉಪಯೋಗವಿಲ್ಲ.

ಆಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಒಂದು.

ಅಣ್ಣ ಮೂವತ್ತೆರಡು ವರ್ಷ ಒಂದು ಹೋಟೆಲಿನ ಹಜಾರದಲ್ಲಿ ಜಾಝ್ ಪಿಯಾನೋ ನುಡಿಸಿದವನು. ಊಟದ ಹೊತ್ತಿನ ಪಾಳಿ ಮುಗಿಸಿ ಮನೆಗೆ ಬಂದರೆ, ಚೀಲವನ್ನು ಬಲಗಂಕುಳಲ್ಲಿ ಅವುಚಿಕೊಂಡು, ಶೂ ಕೂಡ ಬಿಚ್ಚದೆ, ಬಾಗಿಲ ಪಕ್ಕದಲ್ಲೇ ಇದ್ದ ಪಿಯಾನೋದ ಮೇಲೆ ನಿಂತಂತೆಯೇ ಒಂದು ಸಲ ಎರಡೂ ಕೈ ಇಡುತ್ತಿದ್ದ. ಐದು ಸ್ವರ ಒಟ್ಟಿಗೆ ಒಂದೇ ಸಲ, ಅಷ್ಟೇ. ಅಡುಗೆಮನೆಯಿಂದ ಅತ್ತಿಗೆ, "ಶೂ ಬಿಚ್ಚಿಟ್ಟು ಬನ್ನಿ," ಎನ್ನುತ್ತಿದ್ದರು. ನಿವೃತ್ತನಾದ ಮೇಲೂ ಅವನು ಅದನ್ನು ಬಿಡಲಿಲ್ಲ; ತರಕಾರಿ ತಂದರೂ ಸರಿ, ಔಷಧಿ ತಂದರೂ ಸರಿ, ಮೊದಲು ಆ ಐದು ಸ್ವರ, ಆಮೇಲೆ ಆ ಮಾತು.

"ಕಿವಿ ಪೂರ್ತಿ ಹೋಗೋ ಮುಂಚೆ ಅದನ್ನ ಒಂದ್ಸಲ ಕೇಳ್ಬೇಕು," ಎಂದರು ಅತ್ತಿಗೆ. "ನೀನು ಅವರ ತಮ್ಮ. ಇಷ್ಟು ವರ್ಷ ಪಿಯಾನೋ ಹೊಟ್ಟೆಯೊಳಗೇ ಕೈ ಇಟ್ಟವನು. ನಿನಗೆ ಬರಲ್ವಾ?"

ಬರುವುದಿಲ್ಲ, ಕಲಿತು ಬರುತ್ತೇನೆಂದೆ.

ಅಣ್ಣನ ಕೈಯ ಆ ಬಗೆಯ ಸ್ವರಮೇಳವನ್ನು ನಾನು ಎಂದೂ ಒಪ್ಪಿದವನಲ್ಲ. ಲೋಕದಲ್ಲಿ ಎಲ್ಲರೂ ಕೀಗಳನ್ನು ಒಂದು ಬಿಟ್ಟು ಒಂದು ಹಿಡಿದು ಮೇಳ ಕಟ್ಟುತ್ತಾರೆ. ಅದು ನಗುತ್ತದೆ, ಇಲ್ಲವೇ ಅಳುತ್ತದೆ, ಕೇಳಿದವನಿಗೆ ಎಲ್ಲಿದ್ದೇನೆಂದು ತಿಳಿಯುತ್ತದೆ. ಅಣ್ಣ ಒಂದು ಕೀಯಿಂದ ನಾಲ್ಕನೆಯದಕ್ಕೆ, ಅಲ್ಲಿಂದ ಮತ್ತೆ ನಾಲ್ಕನೆಯದಕ್ಕೆ ಹೋಗುತ್ತಿದ್ದ. ಆ ಮೇಳ ನಗುವುದೂ ಇಲ್ಲ, ಅಳುವುದೂ ಇಲ್ಲ; ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವವನಂತೆ ಇರುತ್ತದೆ. ಹಜಾರದಲ್ಲಿ ಅವನ ಕೆಲಸಕ್ಕೆ ಮೂವತ್ತು ವರ್ಷ ತುಂಬಿದ ದಿನ ಎಲ್ಲರನ್ನೂ ಕರೆದು ಅರ್ಧ ಗಂಟೆ ಹಾಗೆಯೇ ನುಡಿಸಿದ. ಮುಗಿಸಿ, ಬೆವರು ಒರೆಸಿಕೊಳ್ಳುತ್ತ, ಹೇಗಿತ್ತೆಂದು ನನ್ನನ್ನೇ ಕೇಳಿದ. ಅಷ್ಟು ಜನರ ಮುಂದೆ ನಾನು ಹೇಳಿದೆ: "ಅಣ್ಣಾ, ಈ ಪಿಯಾನೋ ಶ್ರುತಿ ಮಾಡಿದವನು ನಾನೇ. ಅದಕ್ಕೇ ತಪ್ಪು ಪಿಯಾನೋದ್ದಲ್ಲ ಅಂತ ಮಾತ್ರ ಹೇಳಬಲ್ಲೆ."

ಜನ ಬಿದ್ದುಬಿದ್ದು ನಕ್ಕರು. ಅಣ್ಣನೂ ನಕ್ಕ. ಅಲ್ಲಿಂದ ಮುಂದೆ ನಾವು ಸೇರಿ ಉಂಡೆವು, ಅವನ ಮಗಳ ಮದುವೆ ಮಾಡಿದೆವು, ರಕ್ತದೊತ್ತಡದ ಗುಳಿಗೆಗಳ ವಿಷಯ ಮಾತಾಡಿದೆವು. ಆದರೆ ಮನೆಯ ಪಿಯಾನೋಗೆ ಶ್ರುತಿ ಮಾಡು ಬಾ ಎಂದು ಅವನು ಮತ್ತೆ ಕರೆಯಲಿಲ್ಲ. ಕರೆಯದ ಕಡೆಗೆ ನಾನು ಹೋಗಲಿಲ್ಲ. ಹಾಗೆ ಎಂಟು ವರ್ಷ.

ಕಲಿಯುವುದಕ್ಕೆ ನಾನು ಹೋದದ್ದು ಗಡಿಯಾರದ ಬಳಿಗೆ. ಅಣ್ಣನ ಪಕ್ಕದಲ್ಲಿ ನಿಂತು ಆಳೆತ್ತರದ ಬೇಸ್ ಪಿಟೀಲು ಮೀಟುತ್ತಿದ್ದವನನ್ನು ಹೋಟೆಲಿನವರು ಕರೆಯುತ್ತಿದ್ದ ಹೆಸರು ಅದು. ತಾಳ ಎಂದೂ ತಪ್ಪದವನು, ಕೆಲಸಕ್ಕೆ ಎಂದೂ ಹೊತ್ತಿಗೆ ಸರಿಯಾಗಿ ಬಾರದವನು. ಈಗ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದ. ಕೀಲುಬೇನೆಯಿಂದ ಬೆರಳುಗಳು ಗಂಟುಗಂಟಾಗಿದ್ದವು. ಪಿಟೀಲು ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ನಾನು ಬಂದ ಕಾರಣ ಕೇಳಿ ಬಹಳ ಹೊತ್ತು ನಕ್ಕ. ಆಮೇಲೆ ತನ್ನ ಮೊಮ್ಮಗಳ ವಿದ್ಯುತ್ ಕೀಬೋರ್ಡನ್ನು ಮೇಜಿನ ಮೇಲೆ ಬಿಚ್ಚಿಟ್ಟು, "ಕೂತ್ಕೋ ಮೇಸ್ತ್ರಿ. ನಿನ್ನ ಹೊಟ್ಟೆ ಮೇಲೆ ಹೊಡೆದ ಯಂತ್ರ ಇದೇ. ಇದರ ಶ್ರುತಿ ಹೋಗೋದೇ ಇಲ್ಲ," ಎಂದ.

ಎಡಗೈಗೆ ಮೂರು ಸ್ವರ ತೋರಿಸಿದ: ಡಿ, ಜಿ, ಸಿ. ಪ್ರತಿಯೊಂದರ ನಡುವೆ ನಾಲ್ಕರ ಅಂತರ. ಬಲಗೈಗೆ ಎರಡು: ಎಫ್ ಮತ್ತು ಎ. ಒತ್ತಿದೆ. ಗಡಿಯಾರ ಬೆಚ್ಚಿ ಹಿಂದೆ ಸರಿದ. ಶ್ರುತಿ ಮಾಡುವಾಗ ಕೀಯನ್ನು ಬಲವಾಗಿ ಹೊಡೆಯಬೇಕು; ಇಲ್ಲದಿದ್ದರೆ ತಂತಿ ನಿಂತ ಕಡೆ ನಿಲ್ಲುವುದಿಲ್ಲ, ನಾಳೆಗೆ ಜಾರುತ್ತದೆ. ನಲವತ್ತಾರು ವರ್ಷ ನನ್ನ ಬೆರಳುಗಳು ಮಾಡಿದ್ದು ಆ ಹೊಡೆತವನ್ನೇ. ಮೆಲ್ಲಗೆ ಒತ್ತುವುದೆಂದರೆ ಏನೆಂದು ಅವಕ್ಕೆ ತಿಳಿಯದು. "ಬಾಗಿಲು ತೆಗೀರಿ ಅಂತ ಬಡೀತಿದ್ದೀಯಲ್ಲೋ. ಒಳಗಿರೋರು ಸತ್ತಾರು," ಎಂದ ಗಡಿಯಾರ. ಅಂದಮೇಲೆ ತಾನು ಅಂದದ್ದು ತನಗೇ ಕೇಳಿಸಿ, ಕೀಬೋರ್ಡಿನ ದನಿ ತಗ್ಗಿಸಿದ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದಾಗಿತ್ತು. ನಾಲ್ಕರ ಅಂತರವೆಂದರೆ ನನಗೆ ದಿನದ ಅನ್ನ. ಪಿಯಾನೋದ ಶ್ರುತಿಯನ್ನೆಲ್ಲ ನಾವು ಕೂಡಿಸುವುದು ನಾಲ್ಕು ಮತ್ತು ಐದರ ಅಂತರಗಳ ಮೇಲೆಯೇ. ಎರಡು ಸ್ವರ ಒಟ್ಟಿಗೆ ನುಡಿದಾಗ ದನಿ ಉಬ್ಬುತ್ತ ತಗ್ಗುತ್ತ ಸಾಗುವ ಒಂದು ಅಲೆ ಏಳುತ್ತದೆ. ಅದನ್ನು ಎಣಿಸುವುದೇ ನಮ್ಮ ವಿದ್ಯೆ. ನಾಲ್ಕರ ಅಂತರದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು. ಹೀಗಾಗಿ ಆ ಮೇಳ ಒತ್ತಿದಾಗಲೆಲ್ಲ ನನಗೆ ಸಂಗೀತ ಕೇಳಿಸುತ್ತಲೇ ಇರಲಿಲ್ಲ. ಒಂದರ ಮೇಲೊಂದು ಮೂರು ಅಲೆ ಕೇಳಿಸಿ, ಬಲಗೈ ತಾನಾಗಿ ಎದ್ದು, ಅಲ್ಲಿಲ್ಲದ ಬಿರಡೆಯನ್ನು ಹುಡುಕುತ್ತಿತ್ತು. ಗಡಿಯಾರ ಅದನ್ನು ಗಮನಿಸಿ, ನನ್ನ ಕೈ ಎದ್ದಾಗಲೆಲ್ಲ ಇಸ್ತ್ರಿಯ ಅಂಗಡಿಯ ಮರದ ಹ್ಯಾಂಗರಿನಿಂದ ಗೆಣ್ಣಿನ ಮೇಲೆ ಒಂದು ಕೊಡುತ್ತಿದ್ದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಗೆಣ್ಣಿಗೆ ಪೆಟ್ಟು ತಿಂದು ಕಲಿಯುವುದರಲ್ಲಿಯೂ ಒಂದು ಸಮಾಧಾನವಿತ್ತು. ಅದೇಕೆಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಅದೇ ಆಕಾರವನ್ನು ಬೇರೆ ಬೇರೆ ಕೀಗಳಿಂದ ಎತ್ತಿ ಇಡಲು ಹೇಳಿದ. ಬಿಳಿಯ ಕೀಗಳಲ್ಲಿ ಎಫ್‌ನಿಂದ ನಾಲ್ಕನೆಯದಕ್ಕೆ ಹೋದರೆ ಅಂತರ ಹಿಗ್ಗಿ ಕರ್ಕಶವಾಗುತ್ತದೆ. ಅಲ್ಲಿ ಕರಿಯ ಕೀಗೆ ಇಳಿಯಬೇಕು. ಮನೆಯಲ್ಲಿ ನನ್ನ ಹಳೆಯ ಪಿಯಾನೋದ ಮೇಲೆ ಬೆಳಗಿನ ಕಾಫಿಯಾದ ಮೇಲೆ ಎರಡು ಗಂಟೆ, ಸಂಜೆ ದೀಪ ಹಾಕುವ ಮೊದಲು ಒಂದು ಗಂಟೆ. ಒಂದು ವಿಷಯ ಮಾತ್ರ ತಲೆಗೆ ಹತ್ತಲಿಲ್ಲ. ನಾಲ್ಕು, ನಾಲ್ಕು, ನಾಲ್ಕು ಎಂದು ಕಟ್ಟುತ್ತ ಬಂದವನು ತುದಿಯಲ್ಲಿ ಮಾತ್ರ ಮೂರರ ಅಂತರ ಯಾಕಿಟ್ಟ? ಕೆಲಸ ಅರ್ಧಕ್ಕೆ ಬಿಟ್ಟಂತಲ್ಲವೇ? ಗಡಿಯಾರನನ್ನು ಕೇಳಿದೆ.

"ಎಲ್ಲಾ ನಾಲ್ಕೇ ಆದ್ರೆ ತಣ್ಣಗಿರುತ್ತೆ. ಖಾಲಿ ಮನೆ ಥರ. ಮೇಲೊಂದು ಮೂರು ಇಟ್ಟರೆ ಒಳಗೆ ಯಾರೋ ಒಲೆ ಹಚ್ಚಿದ ಹಾಗೆ," ಎಂದ. ಆಮೇಲೆ, ಇದು ತನ್ನ ಮಾತಲ್ಲ, ಅಣ್ಣನದು ಎಂದೂ ಸೇರಿಸಿದ.

ಅಂದು ಬಸ್ಸು ಹತ್ತದೆ ನಡೆದುಕೊಂಡೇ ಮನೆಗೆ ಬಂದೆ. ಮೂವತ್ತು ವರ್ಷದ ಸಮಾರಂಭದ ದಿನ ಅವನು ಕೇಳಿದ್ದು ಹೊಗಳಿಕೆಯನ್ನಲ್ಲ. ಆ ತುದಿಯ ಸ್ವರ ನನಗೆ ಕೇಳಿಸಿತೇ ಎಂದು. ಅದು ದಾರಿಯುದ್ದಕ್ಕೂ ನನ್ನ ಜೊತೆಗೇ ಬಂತು.

ಮೂರು ತಿಂಗಳಾದ ಮೇಲೆ ಒಂದು ಗುರುವಾರ ಮಧ್ಯಾಹ್ನ ಅತ್ತಿಗೆಯ ಮುಂದೆ ನುಡಿಸಿದೆ. ಬೆರಳು ತಪ್ಪಲಿಲ್ಲ, ಹೊಡೆತವಿರಲಿಲ್ಲ, ತುದಿಯ ಸ್ವರ ಉಳಿದವುಗಳ ಮೇಲೆ ಕೂತು ಬೆಳಗಿತು. ಅವರು ಎಡಗಿವಿಯನ್ನು ಪಿಯಾನೋದ ಮರಕ್ಕೆ ತಾಗಿಸುವಷ್ಟು ಹತ್ತಿರ ತಂದು ಕೇಳಿದರು. ಇನ್ನೊಮ್ಮೆ ನುಡಿಸೆಂದರು. ಆಮೇಲೆ ನನ್ನ ಮುಖ ನೋಡಿ, ನೋಯಿಸಬಾರದೆಂದು ಪದ ಹುಡುಕುತ್ತ ಹೇಳಿದರು: "ಕೈ ಅವರ ಕೈ ಥರಾನೇ ಇದೆ. ದನಿ ನಮ್ಮನೇದಲ್ಲ."

ತಪ್ಪು ಎಲ್ಲಿದೆಯೆಂದು ನನಗೆ ಆ ಕ್ಷಣವೇ ಹೊಳೆಯಿತು. ಒಪ್ಪಿಕೊಳ್ಳಲು ಮಾತ್ರ ತುಸು ಹೊತ್ತು ಹಿಡಿಯಿತು. ಅವರ ಕಿವಿಯಲ್ಲಿ ಇದ್ದದ್ದು ಶ್ರುತಿ ಕೂಡಿದ ಪಿಯಾನೋದ ಮೇಳವಲ್ಲ. ಎಂಟು ವರ್ಷ ಬಿಸಿಲಿಗೂ ತೇವಕ್ಕೂ ಇಳಿದು, ಜಾರಿ, ಒಂದೊಂದು ತಂತಿ ಒಂದೊಂದು ದಾರಿ ಹಿಡಿದ ಪಿಯಾನೋದ ಮೇಳ. ಅದನ್ನು ಒಂದೂವರೆ ದಿನ ಬೆವರು ಹರಿಸಿ ಅಳಿಸಿದವನು ನಾನೇ.

ಚೀಲದಿಂದ ಪುಸ್ತಕ ತೆಗೆದು ಅತ್ತಿಗೆಗೆ ತೋರಿಸಿದೆ. ಮುಟ್ಟುವ ಮೊದಲು ಪ್ರತಿ ತಂತಿ ಎಲ್ಲಿತ್ತೆಂದು ಎಡಗಡೆಯಲ್ಲಿ ಬರೆದಿದೆ. ಬೇಕಾದರೆ ಅಲ್ಲಿಗೇ ಒಯ್ದು ನಿಲ್ಲಿಸಬಹುದು ಎಂದೆ. ಕೂಡಿದ ಶ್ರುತಿಯನ್ನು ಬೇಕೆಂದೇ ಕೆಡಿಸುವುದೆಂದರೆ ವೈದ್ಯ ಗುಣವಾದ ಗಾಯವನ್ನು ಕೆದಕಿದಂತೆ. ಬಾಯಿಗೆ ಬಂತೆಂದು, ಅಣ್ಣ ಪಿಯಾನೋವನ್ನು ಅಷ್ಟು ಹಾಳು ಬಿಟ್ಟದ್ದಾದರೂ ಯಾಕೆ, ನಾನು ಬೇಡವಾಗಿದ್ದರೆ ಪೇಟೆಯಲ್ಲಿ ಬೇರೆ ಇಬ್ಬರು ಮೂವರು ಇದ್ದರಲ್ಲ ಎಂದೂ ಕೇಳಿದೆ.

ಅತ್ತಿಗೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ನಾನೂ ಅದನ್ನೇ ಹೇಳಿದೆ. ಬೇರೆಯವರನ್ನ ಕರೀರಿ ಅಂತ. ನನ್ನ ತಮ್ಮ ಇರುವಾಗ ಇನ್ನೊಬ್ಬರ ಕೈ ಯಾಕೆ ಹಾಕಿಸಲಿ ಅಂದ್ರು. ಹಾಗಾದ್ರೆ ಅವನನ್ನೇ ಕರೀರಿ ಅಂದೆ. ಕರೆದ್ರೆ ಕೆಲಸಕ್ಕೆ ಬರ್ತಾನೆ, ಅವನಾಗೇ ಬರ್ಲಿ ಅಂದ್ರು."

"ನನಗೆ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಇಬ್ಬರೂ ಒಂದೇ ಮರದ ಕೊರಡು."

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹೊರಗೆ ಎದುರು ಮನೆಯವರು ಚಾಪೆ ಕೊಡವುತ್ತಿದ್ದರು.

ಮುಂದಿನ ಗುರುವಾರ ಅತ್ತಿಗೆ ಕಿವಿಯ ಡಾಕ್ಟರ ಬಳಿಗೆ ಹೋಗಿದ್ದಾಗ ಪಿಯಾನೋದ ಮುಂದೆ ಕೂತು ಹೊದಿಕೆ ಬಿಚ್ಚಿದೆ. ಐದು ಸ್ವರ, ಸ್ವರಕ್ಕೆ ಮೂರರಂತೆ ಹದಿನೈದು ತಂತಿಗಳು. ಪುಸ್ತಕವನ್ನು ಎದುರಿಗೆ ನಿಲ್ಲಿಸಿಕೊಂಡೆ. ಡಿ ಸ್ವರದ ಮೂರೂ ತಂತಿಗಳು ಒಟ್ಟಿಗೆ ತುಸು ಇಳಿದಿದ್ದವು. ಸಿ ಸ್ವರದ ಎಡತಂತಿ ಉಳಿದೆರಡರಿಂದ ಸೆಕೆಂಡಿಗೆ ಎರಡು ಅಲೆ ದೂರ. ಎಫ್‌ನ ನಡುವಿನ ತಂತಿ ಎಲ್ಲಕ್ಕಿಂತ ಹೆಚ್ಚು ಜಾರಿತ್ತು. ಅದರ ಪಕ್ಕದಲ್ಲಿ ಆ ದಿನ ನಾನು 'ನಾಚಿಕೆಗೇಡು' ಎಂದು ಬರೆದಿದ್ದೆ. ಈಗ ಅದನ್ನೇ ಓದಿಕೊಂಡು, ಅದರ ಬಿರಡೆಗೆ ಹ್ಯಾಮರ್ ಸಿಕ್ಕಿಸಿ, ಕೂದಲೆಳೆಯಷ್ಟು ಸಡಿಲಿಸಿದೆ. ಕಿವಿ ಬೇಡವೆಂದಿತು, ಕೈ ಹಿಂದಕ್ಕೆ ಎಳೆಯಿತು. ಇನ್ನಷ್ಟು ಸಡಿಲಿಸಿದೆ. ಒಂದು ತಂತಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಲೆಕ್ಕ ಹಾಕುತ್ತಿದ್ದೆ: ಇಷ್ಟು ಇಳಿಯಲು ಒಂದು ವರ್ಷ ಬೇಕು, ಇಷ್ಟು ಇಳಿಯಲು ಮೂರು ವರ್ಷ. ಒಂದು ಸಲವಾದರೂ ನಾನಾಗಿಯೇ ಬಾಗಿಲು ತಳ್ಳಿ ಒಳಗೆ ಬಂದಿದ್ದರೆ ಈ ತಂತಿ ಇಷ್ಟು ದೂರ ಹೋಗುತ್ತಿರಲಿಲ್ಲ. ಅಣ್ಣ ಮನೆಗೆ ಬಂದಾಗಲೆಲ್ಲ ಎರಡೂ ಕೈ ಇಟ್ಟು, ನಾನು ಇನ್ನೂ ಬಂದಿಲ್ಲವೆಂಬುದನ್ನು ತನ್ನ ಕಿವಿಯಿಂದಲೇ ಕೇಳಿಸಿಕೊಂಡಿದ್ದ. ಹೀಗೆ ಎಂಟು ವರ್ಷ, ದಿನಕ್ಕೊಂದು ಸಲವಾದರೂ.

ಹದಿನೈದನೆಯದು ಮುಗಿದಾಗ ಬೀಗ ತೆರೆದ ಸದ್ದಾಯಿತು. ಅತ್ತಿಗೆ ಬಂದರು. ಡಾಕ್ಟರು ಏನೆಂದರೆಂದು ಕೇಳಿದೆ. ಕೈಯನ್ನು ನೆಲದ ಕಡೆಗೆ ಇಳಿಸಿ ತೋರಿಸಿದರು. ಕಾಫಿ ಇಡುತ್ತೇನೆಂದು ಅಡುಗೆಮನೆಗೆ ಹೋದರು. ಕೆಲಸ ಮುಗಿಯಿತೆಂದು ನಾನು ಹೇಳಲಿಲ್ಲ.

ಬಾಗಿಲ ಬಳಿಗೆ ಹೋಗಿ ಶೂ ಹಾಕಿಕೊಂಡೆ. ನನ್ನ ಸಲಕರಣೆಯ ಚೀಲವನ್ನು ಬಲಗಂಕುಳಲ್ಲಿ ಅವುಚಿಕೊಂಡೆ. ಹಾಗೆ ಅವುಚಿದಾಗ ಬಲಗೈ ಪೂರ್ತಿ ಚಾಚುವುದಿಲ್ಲವೆಂದೂ, ಅದರಿಂದ ಮೇಲಿನ ಎರಡು ಸ್ವರಗಳು ಕೆಳಗಿನ ಮೂರಕ್ಕಿಂತ ಕಣ್ಣು ಮಿಟುಕಿಸುವಷ್ಟು ತಡವಾಗಿ ಬೀಳುತ್ತವೆಂದೂ ಆಗಲೇ ತಿಳಿದದ್ದು. ನಿಂತಂತೆಯೇ ಎರಡೂ ಕೈ ಇಟ್ಟೆ.

ಅಲೆಗಳು ಎದ್ದವು. ಒಂದಕ್ಕೊಂದು ಹೊಂದದ, ಯಾವ ಶ್ರುತಿಗಾರನೂ ಸಹಿಸಲಾಗದ ಅಲೆಗಳು. ನಾನು ಎಣಿಸಲಿಲ್ಲ.

ಅಡುಗೆಮನೆಯಲ್ಲಿ ನೀರು ಬೀಳುತ್ತಿದ್ದ ನಲ್ಲಿ ನಿಂತಿತು.

"ಶೂ ಬಿಚ್ಚಿಟ್ಟು ಬನ್ನಿ," ಎಂದರು ಅತ್ತಿಗೆ.

ಮಾತು ಹೊರಬಿದ್ದ ಮೇಲೆ ಒಳಗೆ ಯಾವ ಸದ್ದೂ ಇರಲಿಲ್ಲ. ಪಾತ್ರೆ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಒದ್ದೆಗೈಯಲ್ಲಿಯೇ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತರು. ನಾನು ಕೈ ತೆಗೆಯಹೋದೆ.

"ತೆಗೀಬೇಡ," ಎಂದರು. "ಅದಾಗೇ ನಿಲ್ಲಲಿ."

ಒಂದೊಂದೇ ತಂತಿ ಸುಮ್ಮನಾಯಿತು. ಅವರಿಗೆ ಎಲ್ಲಿಯವರೆಗೆ ಕೇಳಿಸಿತೋ ನನಗೆ ತಿಳಿಯದು. ನನಗೆ ಕೇಳಿಸುವುದು ನಿಂತ ಮೇಲೂ ಅವರು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ನಿಂತೇ ಇದ್ದರು. ಆಮೇಲೆ ಕಾಫಿ ಕುಡಿದೆವು. ಇನ್ನೊಮ್ಮೆ ನುಡಿಸೆಂದು ಅಂದು ಅವರು ಕೇಳಲಿಲ್ಲ.

ಡಾಕ್ಟರು ಆರು ತಿಂಗಳೆಂದಿದ್ದರು. ಐದನೆಯ ತಿಂಗಳ ಕೊನೆಗೇ ಎಲ್ಲವೂ ಹೋಯಿತು. ಅಷ್ಟರವರೆಗಿನ ಗುರುವಾರಗಳಲ್ಲಿ ಒಂದನ್ನೂ ನಾನು ತಪ್ಪಿಸಲಿಲ್ಲ, ಅವರ ಆ ಮಾತೂ ಒಂದು ಗುರುವಾರವೂ ತಪ್ಪಲಿಲ್ಲ. ಈಗ ನಮ್ಮ ನಡುವಿನ ಮಾತೆಲ್ಲ ಕಾಗದದ ಚೀಟಿಗಳಲ್ಲಿ. ಪಿಯಾನೋವನ್ನು ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಮಗಳು ಕೇಳಿದಾಗ ಅತ್ತಿಗೆ ಚೀಟಿ ಬರೆಯದೆ ತಲೆಯನ್ನಷ್ಟೇ ಅಡ್ಡಕ್ಕೆ ಆಡಿಸಿದರು. ಬೆಳಿಗ್ಗೆ ಬಟ್ಟೆ ಎಳೆಯುವುದನ್ನು ಬಿಟ್ಟಿಲ್ಲ.

ಗುರುವಾರ ನಾನು ಈಗಲೂ ಹೋಗುತ್ತೇನೆ. ಚೀಲ ಕಂಕುಳಲ್ಲಿ ಅವುಚಿಕೊಂಡು, ನಿಂತಂತೆಯೇ ಎರಡೂ ಕೈ ಇಡುತ್ತೇನೆ. ತಂತಿಗಳು ಇನ್ನಷ್ಟು ಇಳಿದಿವೆ. ಹ್ಯಾಮರ್ ಚೀಲದಲ್ಲಿಯೇ ಇರುತ್ತದೆ. ಅಡುಗೆಮನೆಯಲ್ಲಿ ಅತ್ತಿಗೆ ನನಗೆ ಬೆನ್ನು ಹಾಕಿ ಏನನ್ನೋ ಹೆಚ್ಚುತ್ತಿರುತ್ತಾರೆ. ಕೊನೆಯ ತಂತಿ ನಿಲ್ಲುವವರೆಗೆ ಕಾಯುತ್ತೇನೆ. ಆಮೇಲೆ ಬಗ್ಗಿ, ನಾನೇ ಶೂ ಬಿಚ್ಚಿಟ್ಟು ಒಳಗೆ ಹೋಗುತ್ತೇನೆ.